ಇಷ್ಟು ವರ್ಷ ಕುಡ್ದಿಲ್ವಾ?

ಹೋದ ಸಲ ಯುಗಾದಿಗೆ ಊರಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಅಮ್ಮನ ಹೊಸ ಸೀರೆಯ ಜೊತೆ ಒಂದು ಕಾಗದ ಇತ್ತು. ನಮ್ಮ ಮನೆಗೆ ನೀರು ಬರೋ ಬೋರಿನ ಟೆಸ್ಟ್ ರಿಪೋರ್ಟು. ಅದಕ್ಕೆ ಒಂದು ತಿಂಗಳ ಹಿಂದೆ ಎರಡು ಬಾಟಲಿ ನೀರು ಬೆಂಗಳೂರಿಗೆ ತಂದು ಒಂದು ಲ್ಯಾಬಿಗೆ ಕೊಟ್ಟಿದ್ದೆ. ಟಿಡಿಎಸ್, ಫ್ಲೋರೈಡು, ನೈಟ್ರೇಟು ಎಲ್ಲಾ ನೋಡ್ತೀವಿ ಸಾರ್ ಅಂದರು. ಯುರೇನಿಯಂ ನೋಡ್ತೀರಾ ಅಂದೆ. ಕೌಂಟರಿನ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿ, ಒಳಗೆ ಹೋಗಿ ಕೇಳಿಕೊಂಡು ಬಂದ. ಅದಕ್ಕೆ ಬೇರೆ ದುಡ್ಡು, ಬೇರೆ ಕಡೆ ಕಳಿಸಬೇಕು ಅಂದ. ಕಳಿಸಿ ಅಂದೆ.

ನಮ್ಮೂರು ಕಳ್ಳಂಬೆಳ್ಳ ಹೋಬಳಿ. ತುಮಕೂರು ದಾಟಿ ಸಿರಾ ಕಡೆ ಹೈವೇಯಲ್ಲಿ ಹೋಗಿದ್ದರೆ ನೀವು ಕಳ್ಳಂಬೆಳ್ಳದ ಕೆರೆ ನೋಡಿರ್ತೀರ. ಹೇಮಾವತಿ ನೀರು ಬಂದ ವರ್ಷ ಸಮುದ್ರದ ಹಾಗೆ ಕಾಣತ್ತೆ, ಬರದ ವರ್ಷ ಅದೇ ಕೆರೆಯಂಗಳದಲ್ಲಿ ಕುರಿ ಮೇಯ್ತಿರ್ತವೆ. ಕೆರೆಯ ಕೆಳಗಿನವರಿಗೆ ಒಂದು ಕಥೆ, ನಮ್ಮಂಥ ಮೇಲಿನ ಊರಿನವರಿಗೆ ಇನ್ನೊಂದು. ನಮಗೆ ಬೋರೇ ಗತಿ.

ರಿಪೋರ್ಟಿನಲ್ಲಿದ್ದ ಅಂಕಿ ಒಂದು ಲೀಟರಿಗೆ 30 ಮೈಕ್ರೋಗ್ರಾಂಗಿಂತ ಮೇಲೆ, 60ಕ್ಕಿಂತ ಕೆಳಗೆ. ಈ ಎರಡು ಸಂಖ್ಯೆಗಳ ವಿಷಯ ಮುಂದೆ ಹೇಳ್ತೀನಿ. ಅಮ್ಮ ಒಬ್ಬಟ್ಟಿನ ಕಣಕ ನಾದ್ತಿದ್ದಳು. ಕಾಗದ ಓದಿ ಹೇಳಿದೆ.

"ಅದೆಲ್ಲಾ ನಂಗೊತ್ತಾಗಲ್ಲ ಕಣಪ್ಪ. ಕುಡೀಬೋದಾ, ಕುಡೀಬಾರ್ದಾ? ಅಷ್ಟು ಹೇಳು."

"ಕುಡೀದೇ ಇದ್ರೆ ಒಳ್ಳೇದು ಕಣಮ್ಮ."

"ಇಷ್ಟು ವರ್ಷ ಕುಡ್ದಿಲ್ವಾ? ನಿಮ್ಮಜ್ಜಿ ಎಂಬತ್ತಾರು ವರ್ಷ ಬದುಕ್ಲಿಲ್ವಾ? ಏನಾಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದಾಗ ಗೊತ್ತಾಯ್ತು, ವಿಕಿರಣ ಮನುಷ್ಯನ ದೇಹಕ್ಕೆ ದೀರ್ಘಕಾಲದಲ್ಲಿ ಏನು ಮಾಡತ್ತೆ ಅನ್ನೋ ಸಂಶೋಧನೆಯ ಇಡೀ ಇತಿಹಾಸ ಇರೋದೇ ಅಮ್ಮನ ಈ ಪ್ರಶ್ನೆಯ ಮೇಲೆ. "ಇಷ್ಟು ವರ್ಷ" ಅಂದರೆ ಎಷ್ಟು ವರ್ಷ? ಯಾರು ಲೆಕ್ಕ ಇಟ್ಟಿದ್ದಾರೆ?

ಶುರು ಮಾಡೋದು ಹಿರೋಷಿಮಾದಿಂದಲೇ. 1945ರ ಆಗಸ್ಟ್ 6 ಮತ್ತು 9ರ ಕಥೆ ಶಾಲೆಯಲ್ಲಿ ಓದಿದ್ದೀವಿ. ಆಮೇಲಿನದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. 1947ರಲ್ಲಿ ಅಮೆರಿಕದವರು ಅಲ್ಲಿ ಅಣುಬಾಂಬ್ ಗಾಯಾಳುಗಳ ಆಯೋಗ ಅಂತ ಒಂದು ಸಂಸ್ಥೆ ತೆರೆದರು. ಬದುಕಿ ಉಳಿದವರನ್ನು ಪರೀಕ್ಷೆ ಮಾಡೋದು ಅದರ ಕೆಲಸ. ಪರೀಕ್ಷೆ ಮಾತ್ರ, ಚಿಕಿತ್ಸೆ ಅಲ್ಲ. ಬಾಂಬು ಹಾಕಿದವರೇ ಬಂದು ರಕ್ತ ತಗೊಂಡು, ಫೋಟೋ ತೆಗೆದು, ಔಷಧಿ ಕೊಡದೆ ಕಳಿಸ್ತಾರೆ ಅಂತ ಅಲ್ಲಿನ ಜನ ವರ್ಷಗಟ್ಟಲೆ ಸಿಟ್ಟು ಇಟ್ಟುಕೊಂಡಿದ್ದರು. ಆ ಸಿಟ್ಟು ನ್ಯಾಯವಾದದ್ದೇ. ಇವತ್ತು ಆಸ್ಪತ್ರೆಯ ಎಕ್ಸ್‌ರೇ ರೂಮಿನಿಂದ ಕೈಗಾದವರೆಗೆ ಎಲ್ಲಾ ಕಡೆ ಪಾಲಿಸೋ ವಿಕಿರಣದ ಮಿತಿಗಳಿಗೆ ಮುಖ್ಯ ಆಧಾರ ಆ ಜನರ ದೇಹದಿಂದ ಬಂದ ಮಾಹಿತಿ ಅನ್ನೋದೂ ಅಷ್ಟೇ ನಿಜ.

ಇಂಜಿನಿಯರ್ ಆದ ನನಗೆ ಅಚ್ಚರಿ ಅನಿಸಿದ್ದು ಅವರು ಲೆಕ್ಕ ಇಟ್ಟ ರೀತಿ. 1950ರ ಜನಗಣತಿಯಲ್ಲಿ "ಬಾಂಬು ಬಿದ್ದಾಗ ನೀವು ಹಿರೋಷಿಮಾ ಅಥವಾ ನಾಗಸಾಕಿಯಲ್ಲಿ ಇದ್ರಾ?" ಅಂತ ಒಂದು ಪ್ರಶ್ನೆ ಸೇರಿಸಿದರು. ಜಪಾನಿನಾದ್ಯಂತ ಸುಮಾರು 2,84,000 ಜನ ಹೌದು ಅಂದರು. ಅವರಲ್ಲಿ ಆಯ್ದು ಸುಮಾರು 94,000 ಜನರನ್ನೂ, ಹೋಲಿಕೆಗೆ ಅಂತ ಬಾಂಬು ಬಿದ್ದಾಗ ಊರಲ್ಲಿ ಇಲ್ಲದ ಇನ್ನೂ 26,000 ಚಿಲ್ಲರೆ ಜನರನ್ನೂ ಸೇರಿಸಿ 1,20,000 ಜನರ ಒಂದು ಪಟ್ಟಿ ಮಾಡಿದರು. ಆ ಪಟ್ಟಿಯವರು ಯಾವಾಗ, ಯಾವ ಕಾಯಿಲೆಯಿಂದ ಸತ್ತರು ಅಂತ ಇವತ್ತಿಗೂ ಬರೆದುಕೊಳ್ತಾ ಇದ್ದಾರೆ. ಅಲ್ಲಿ ಪ್ರತಿ ಮನೆತನಕ್ಕೂ ಸರ್ಕಾರದ ಕುಟುಂಬ ನೋಂದಣಿ ಪುಸ್ತಕ ಇರತ್ತೆ, ಅದರಿಂದ ಸಾವು ತಪ್ಪಿಸಿಕೊಂಡು ಹೋಗಲ್ಲ. ಹುಟ್ಟುವ ಮಕ್ಕಳಿಗೆ ತೊಂದರೆ ಆಗಿದೆಯಾ ನೋಡೋಕೆ ಇನ್ನೂ ಸರಳವಾದ ದಾರಿ ಹಿಡಿದರು. ಯುದ್ಧ ಮುಗಿದ ಮೇಲೆ ಬಸುರಿಯರಿಗೆ ಐದು ತಿಂಗಳಾದ ಮೇಲೆ ಹೆಚ್ಚುವರಿ ರೇಷನ್ ಸಿಗ್ತಿತ್ತು. ರೇಷನ್ ಬರೆಸೋಕೆ ಬಂದವರ ಹೆಸರನ್ನೇ ಇವರೂ ಬರೆದುಕೊಂಡರು. ಹಾಗೆ 1948ರಿಂದ 1954ರವರೆಗೆ ಸುಮಾರು 77,000 ಕೂಸುಗಳನ್ನು ನೋಡಿದರು. ಎಲ್ಲರೂ ಹೆದರಿದ್ದ ಹಾಗೆ ವಿಕಲತೆ ಹೆಚ್ಚಾಗಿದ್ದು ಆ ಲೆಕ್ಕದಲ್ಲಿ ಕಾಣಲಿಲ್ಲ.

ಯಾರಿಗೆ ಎಷ್ಟು ವಿಕಿರಣ ತಗುಲಿತು ಅಂತ ಹೇಗೆ ಗೊತ್ತಾಗಬೇಕು? ಯಾರ ಜೇಬಲ್ಲೂ ಮೀಟರ್ ಇರಲಿಲ್ಲವಲ್ಲ. ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಆ ಬೆಳಗ್ಗೆ ಎಲ್ಲಿದ್ರಿ, ಮನೆ ಒಳಗಾ ಹೊರಗಾ, ಯಾವ ಗೋಡೆಯ ಪಕ್ಕ, ಯಾವ ಕಡೆ ಮುಖ ಮಾಡಿದ್ರಿ ಅಂತ ಕೇಳಿದರು. 1962ರಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಜಪಾನೀ ಮಾದರಿಯ ಮರದ ಮನೆಗಳನ್ನು ಕಟ್ಟಿ, ಪಕ್ಕದಲ್ಲಿ 460 ಮೀಟರಿಗೂ ಎತ್ತರದ ಗೋಪುರದ ಮೇಲೆ ಒಂದು ಬರಿಯ ರಿಯಾಕ್ಟರ್ ಇಟ್ಟು, ಗೋಡೆ ಎಷ್ಟು ತಡೆಯತ್ತೆ ಅಂತ ಅಳೆದರು. ಒಂದು ಬೆಳಗ್ಗೆಯ ಡೇಟಾ ಸರಿಮಾಡೋಕೆ ಹದಿನೇಳು ವರ್ಷ ಆದಮೇಲೆ ಮರುಭೂಮಿಯಲ್ಲಿ ಮನೆ ಕಟ್ಟಿದ್ದರು.

ಇದರಿಂದ ಗೊತ್ತಾಗಿದ್ದೇನು? ರಕ್ತದ ಕ್ಯಾನ್ಸರ್ ಎರಡು ಮೂರು ವರ್ಷಕ್ಕೇ ಕಾಣಿಸಿಕೊಂಡು, ಆರರಿಂದ ಎಂಟನೇ ವರ್ಷದ ಹೊತ್ತಿಗೆ ತುದಿ ಮುಟ್ಟಿತು. ಹೊಟ್ಟೆ, ಶ್ವಾಸಕೋಶ, ಸ್ತನದಂಥ ಗಡ್ಡೆ ಕ್ಯಾನ್ಸರುಗಳು ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಏರೋಕೆ ಶುರುವಾದವು. ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. 1958ರಿಂದ 1998ರವರೆಗೆ ಆ ಪಟ್ಟಿಯವರಲ್ಲಿ ಗಡ್ಡೆ ಕ್ಯಾನ್ಸರ್ ಬಂದವರು 17,448 ಜನ. ಅದರಲ್ಲಿ ಬಾಂಬಿನ ವಿಕಿರಣದಿಂದಲೇ ಬಂದದ್ದು ಸುಮಾರು 850 ಅಂತ ಲೆಕ್ಕ. ಮಿಕ್ಕಿದವು ಬಾಂಬು ಬೀಳದಿದ್ದರೂ ಬರ್ತಿದ್ದವು.

ಮೊದಲ ಸಲ ಓದಿದಾಗ ನನಗೆ ಈ 850 ಸಣ್ಣದು ಅನಿಸಿತು. ಆಮೇಲೆ ಹೊಳೆದದ್ದು, ಆ 17,448 ಜನರಲ್ಲಿ ಆ 850 ಜನ ಯಾರು ಅಂತ ಜಗತ್ತಿನಲ್ಲಿ ಯಾರಿಗೂ ಹೇಳೋಕಾಗಲ್ಲ. ವಿಕಿರಣದಿಂದ ಬಂದ ಕ್ಯಾನ್ಸರಿನ ಮೇಲೆ ಹಾಗಂತ ಸೀಲು ಹೊಡೆದಿರಲ್ಲ. ಲಕ್ಷ ಜನರ ಪಟ್ಟಿ ಇಟ್ಟುಕೊಂಡು ನೋಡಿದಾಗ ಮಾತ್ರ ಕಾಣತ್ತೆ, ಒಂದು ಮನೆಯಲ್ಲಿ ನಿಂತು ನೋಡಿದರೆ ಕಾಣಲ್ಲ. ಎಂಬತ್ತಾರು ವರ್ಷ ಬದುಕಿದ ಅಜ್ಜಿಯಿಂದಲೂ ಏನೂ ಸಾಬೀತಾಗಲ್ಲ, ಐವತ್ತಕ್ಕೇ ಹೋದವರಿಂದಲೂ ಆಗಲ್ಲ.

ಇದು ಜಪಾನಿನ ಕಥೆ, ನಮಗೇನು ಅನ್ನಬೇಡಿ. ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಪೆಟ್ರೋಮ್ಯಾಕ್ಸ್ ನೆನಪಿರಬಹುದು. ಬಯಲಾಟಕ್ಕೆ, ಮದುವೆ ಮೆರವಣಿಗೆಗೆ ತಲೆಮೇಲೆ ಹೊತ್ತುಕೊಂಡು ನಡೀತಿದ್ದ ಗ್ಯಾಸ್‌ಲೈಟು. ಅದರ ಬಿಳಿ ಬಲೆಯಂಥ ಬತ್ತಿ, ಮ್ಯಾಂಟಲ್, ಹೊಳೀತಿದ್ದದ್ದು ಥೋರಿಯಂನಿಂದ. ಥೋರಿಯಂ ವಿಕಿರಣ ಸೂಸೋ ಧಾತು. 1909ರಲ್ಲಿ ಶೋಂಬರ್ಗ್ ಅನ್ನೋ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಥೋರಿಯಂ ಇರೋ ಮೋನಜೈಟನ್ನು ಗುರುತಿಸಿದ. ಆಮೇಲೆ ಆ ಕರಾವಳಿಯ ಮರಳು ಹಡಗು ಹತ್ತಿ ಯುರೋಪಿನ ಬೀದಿ ದೀಪ ಬೆಳಗೋಕೆ ಹೋಯ್ತು.

ಆ ಮರಳಿನ ಮೇಲೇ ತಲೆತಲಾಂತರದಿಂದ ಮನೆ ಕಟ್ಟಿಕೊಂಡಿದ್ದ ಜನ ಇದ್ದಾರಲ್ಲ, ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿ ಕಡೆಯವರು, ಅವರಿಗೆ ಏನಾಯ್ತು? 1990ರ ದಶಕದಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಆ ತಾಲೂಕಿನಲ್ಲಿ ಮನೆಮನೆಗೆ ಹೋಗಿ 3,85,103 ಜನರ ವಿವರ ಬರೆದುಕೊಂಡರು. ಮನೆಯ ಒಳಗೆ ಹೊರಗೆ ವಿಕಿರಣ ಅಳೆದರು. ಕರಾವಳಿಯ ಕೆಲವು ಜಾಗದಲ್ಲಿ ಅದು ವರ್ಷಕ್ಕೆ 70 ಮಿಲಿಗ್ರೇವರೆಗೂ ಇತ್ತು. ಆ ತಾಲೂಕಿಗೇ ಅಂತ ಕ್ಯಾನ್ಸರ್ ನೋಂದಣಿ ಶುರು ಮಾಡಿದರು. 69,958 ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. 1,379 ಕ್ಯಾನ್ಸರ್. ಹೆಚ್ಚು ವಿಕಿರಣದ ಮನೆಯವರಿಗೆ ಹೆಚ್ಚು ಕ್ಯಾನ್ಸರ್ ಅನ್ನೋದು ಆ ಲೆಕ್ಕದಲ್ಲಿ ಕಾಣಲಿಲ್ಲ.

ಇದನ್ನು ಹಿಡಿದುಕೊಂಡು "ನೋಡಿ, ವಿಕಿರಣ ಏನೂ ಮಾಡಲ್ಲ" ಅನ್ನೋರು ಇದ್ದಾರೆ. ಹಿರೋಷಿಮಾ ಹಿಡಿದುಕೊಂಡು "ಒಂದು ಕಣ ಸಾಕು, ಸಾಯ್ತೀವಿ" ಅನ್ನೋರೂ ಇದ್ದಾರೆ. ಎರಡೂ ತಪ್ಪು. ಅಲ್ಲಿ ಬಾಂಬು, ಒಂದೇ ಕ್ಷಣ. ಇಲ್ಲಿ ಮರಳು, ಹೊರಗಿನಿಂದ, ನಿಧಾನವಾಗಿ. ನಮ್ಮೂರಿನದು ಮೂರನೇ ಥರ, ಕುಡಿಯೋ ನೀರಿನ ಜೊತೆ ಒಳಗೆ ಹೋಗೋದು. ಒಂದು ಸರ್ವರಿನ ಲಾಗ್ ನೋಡಿ ಇನ್ನೊಂದು ಸರ್ವರಿನ ಬಗ್ ಹಿಡಿಯೋಕೆ ಆಗತ್ತಾ?

ನಮ್ಮ ಕಡೆಯ ಕಲ್ಲಿನ ಬಗ್ಗೆ ಒಂದು ಮಾತು. ರಾಮನಗರದಿಂದ ಕೊರಟಗೆರೆ, ಮಧುಗಿರಿ, ಪಾವಗಡ ದಾಟಿ ಬಳ್ಳಾರಿ ಕಡೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಒಂದು ಗ್ರಾನೈಟ್ ಪಟ್ಟಿ ಹೋಗಿದೆ. ರಾಮನಗರದ ಹಳೇ ಹೆಸರಿನಲ್ಲಿ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ನಾವು ವೀಕೆಂಡ್ ಟ್ರೆಕ್ಕಿಂಗ್ ಹೋಗೋ ಮಧುಗಿರಿಯ ಏಕಶಿಲಾ ಬೆಟ್ಟ ಅದರದ್ದೇ ತುಂಡು. ಎಲ್ಲಾ ಗ್ರಾನೈಟಿನಲ್ಲೂ ಟನ್ನಿಗೆ ಒಂದಿಷ್ಟು ಗ್ರಾಂ ಯುರೇನಿಯಂ ಇದ್ದೇ ಇರತ್ತೆ. ಕಲ್ಲಿನಲ್ಲಿ ಇದ್ದರೆ ಇರಲಿ, ಬೆಟ್ಟ ಹತ್ತೋದಕ್ಕೆ ಏನೂ ಭಯ ಬೇಡ. ಕಷ್ಟ ಬರೋದು ಆಳದ ಬಿರುಕುಗಳಲ್ಲಿ ನೀರು ಬಹಳ ಕಾಲ ನಿಂತು, ಅದರಲ್ಲಿರೋ ಬೈಕಾರ್ಬೊನೇಟು ಯುರೇನಿಯಂ ಅನ್ನು ಕರಗಿಸಿಕೊಂಡಾಗ. ಆ ನೀರನ್ನು ನಾವು ಮೋಟಾರ್ ಹಾಕಿ ಮೇಲೆ ಎತ್ತಿದಾಗ.

ಮಧುಗಿರಿಯ ಪೂರ್ವಕ್ಕೆ ಗೌರಿಬಿದನೂರಿನಲ್ಲಿ 1960ರ ದಶಕದಿಂದ ಒಂದು ಭೂಕಂಪನ ಕೇಂದ್ರ ಇದೆ. ಜಗತ್ತಿನ ಯಾವ ಮೂಲೆಯಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ ಕೇಳಿಸಿಕೊಳ್ಳಬೇಕು ಅಂತ ನಮ್ಮ ಅಣುಶಕ್ತಿಯವರು ಬ್ರಿಟನ್ನಿನವರ ಜೊತೆ ಸೇರಿ ಕಟ್ಟಿದ್ದು. ಸಾವಿರಾರು ಕಿಲೋಮೀಟರ್ ದೂರ ಕೇಳಿಸೋ ಕಿವಿ ಪಕ್ಕದಲ್ಲೇ ಇತ್ತು. ಕಾಲಕೆಳಗಿನ ನೀರಿನ ಸುದ್ದಿ ಮಾತ್ರ ನನ್ನಂಥವನಿಗೆ 2021ರಲ್ಲಿ ಪೇಪರ್ ಓದಿ ಗೊತ್ತಾಯ್ತು.

ಆ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದವರೂ ಜೊತೆಯವರೂ ಕರ್ನಾಟಕದ ಪೂರ್ವ ಭಾಗದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿ ವರದಿ ಪ್ರಕಟಿಸಿದರು. ತುಮಕೂರು ಜಿಲ್ಲೆಯೂ ಅದರಲ್ಲಿ ಇತ್ತು. 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. 48 ಹಳ್ಳಿಗಳಲ್ಲಿ 60 ದಾಟಿತ್ತು. 30 ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, 60 ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ. ಅಂದರೆ ಒಂಬತ್ತು ಹಳ್ಳಿಗಳ ನೀರು ಒಬ್ಬರ ಪ್ರಕಾರ ಕುಡಿಯೋಕೆ ಸರಿ, ಇನ್ನೊಬ್ಬರ ಪ್ರಕಾರ ಅಲ್ಲ. ನಮ್ಮ ಬೋರೂ ಅದೇ ಜಾತಿಗೆ ಸೇರಿತು.

ಯಾಕೆ ಎರಡು ಮಿತಿ? 60 ಬಂದದ್ದು ವಿಕಿರಣದ ಲೆಕ್ಕದಿಂದ. 30 ಬಂದದ್ದು ಕಿಡ್ನಿಯ ಲೆಕ್ಕದಿಂದ. ಇದು ನನಗೂ ಹೊಸದು. ಯುರೇನಿಯಂ ಅಂದ ತಕ್ಷಣ ಬಾಂಬು ನೆನಪಾಗತ್ತೆ, ಆದರೆ ನೀರಲ್ಲಿರೋ ಯುರೇನಿಯಂ ಬಹಳ ಸೋಮಾರಿ. ಇದ್ದದ್ದರಲ್ಲಿ ಅರ್ಧ ಕರಗೋಕೆ 450 ಕೋಟಿ ವರ್ಷ ಬೇಕು, ಹಾಗಾಗಿ ಅದು ಸೂಸೋ ವಿಕಿರಣ ಕಡಿಮೆ. ಸೀಸದ ಥರ ಅದೊಂದು ಭಾರಲೋಹ, ಮೊದಲು ಪೆಟ್ಟು ಬೀಳೋದು ಕಿಡ್ನಿಗೆ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ 2 ಅಂದಿತ್ತು, 2004ರಲ್ಲಿ 15, 2011ರಲ್ಲಿ 30. ಅದೂ ತಾತ್ಕಾಲಿಕ ಅಂತ ಹೇಳಿಕೊಂಡೇ. ಈಗ ನಮ್ಮ ಬಿಐಎಸ್‌ನವರೂ 30ಕ್ಕೇ ಬಂದಿದ್ದಾರೆ.

ಮಿತಿ ಸಡಿಲ ಆಗಿದ್ದಕ್ಕೆ ಕಾರಣ ಮನುಷ್ಯರ ಮೇಲೆ ನಡೆದ ಅಧ್ಯಯನಗಳು. ಅದರಲ್ಲಿ ಮುಖ್ಯವಾದದ್ದು ಫಿನ್ಲೆಂಡಿನದು. ಅದೂ ಗ್ರಾನೈಟ್ ನೆಲ, ಅಲ್ಲಿಯ ಹಳ್ಳಿಯವರೂ ಬೋರ್ ನೀರು ಕುಡೀತಾರೆ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗೆ ಕುಡಿಯೋ 325 ಜನರ ಮೂತ್ರ, ರಕ್ತ ನೋಡಿದರು. ಕೆಲವರ ನೀರಿನಲ್ಲಿ 1,920 ಮೈಕ್ರೋಗ್ರಾಂವರೆಗೂ ಇತ್ತು. ಕಿಡ್ನಿಯ ಸಣ್ಣ ನಾಳಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳೋದರಲ್ಲಿ ಸ್ವಲ್ಪ ಎಡವಟ್ಟು ಕಂಡಿತು. ಕಿಡ್ನಿ ಕೈಕೊಟ್ಟಿದ್ದು ಕಾಣಲಿಲ್ಲ.

ಒಳ್ಳೆ ಸುದ್ದಿ. ಆದರೆ ಫಿನ್ಲೆಂಡಿನವನು ಏಪ್ರಿಲ್ ತಿಂಗಳ ಬಿಸಿಲಲ್ಲಿ ಕಡಲೆಕಾಯಿ ಹೊಲದಲ್ಲಿ ನಿಂತು ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿಯಲ್ಲ. ಅವನ ನೀರಲ್ಲಿ ಪಾವಗಡದ ಹಾಗೆ ಫ್ಲೋರೈಡೂ ಸೇರಿದೆ ಅಂತ ಹೇಳೋಕೆ ಬರಲ್ಲ. ಫ್ಲೋರೈಡು ಹಲ್ಲಿನ ಮೇಲೆ ಕಂದು ಗೆರೆ ಬರೆದು ತೋರಿಸತ್ತೆ. ನಮ್ಮ ಕಡೆಯವನು ನಕ್ಕರೆ ಯಾವ ಸೀಮೆ ಅಂತ ಗೊತ್ತಾಗತ್ತೆ. ಯುರೇನಿಯಂ ಏನೂ ಬರೆಯಲ್ಲ.

ಹಾಗಾದರೆ ನಾವೇ ಬರೀಬೇಕು. ನಮ್ಮಲ್ಲಿ ನೀರು ಅಳೆದಿದ್ದಾರೆ, ಕುಡಿದವರನ್ನು ಕರುನಾಗಪಳ್ಳಿಯ ಹಾಗೆ ಮನೆಮನೆಗೆ ಹೋಗಿ ಎಣಿಸೋದು ಬೇರೆಯೇ ಕೆಲಸ. ಬೆಂಗಳೂರಿನ ಕಿದ್ವಾಯಿಯಲ್ಲಿ 1982ರಿಂದ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ ಇದೆ, ದೇಶದ ಮೊದಮೊದಲನೆಯವುಗಳಲ್ಲಿ ಒಂದು. ಆದರೆ ಅದು ಬೆಂಗಳೂರು ನಗರವಾಸಿಗಳ ಲೆಕ್ಕ. ಸಿರಾದಿಂದ ಬಸ್ಸು ಹತ್ತಿ ಬಂದು ಅಲ್ಲಿ ಚಿಕಿತ್ಸೆ ತಗೊಂಡವರು ಆಸ್ಪತ್ರೆಯ ಪುಸ್ತಕದಲ್ಲಿ ಇರ್ತಾರೆ, ಆ ಲೆಕ್ಕದಲ್ಲಿ ಇರಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ವಾರಕ್ಕೆರಡು ಸಲ ತುಮಕೂರಿಗೆ ಡಯಾಲಿಸಿಸ್‌ಗೆ ಹೋಗ್ತಾರೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ನೀರಿಂದಾನಾ ಅಂತ ನನ್ನನ್ನ ಕೇಳಿದರು. ಗೊತ್ತಿಲ್ಲ ಅಂದೆ. ಒಬ್ಬರ ವಿಷಯದಲ್ಲಿ ಯಾರಿಗೂ ಗೊತ್ತಾಗಲ್ಲ ಅಂತ ಹೇಳಬೇಕಿತ್ತು, ಅವರ ಮುಖ ನೋಡಿ ಸುಮ್ಮನಾದೆ.

ಹಬ್ಬದ ಮಾರನೇ ದಿನ ದೊಡ್ಡಪ್ಪ ಜಗುಲಿ ಮೇಲೆ ಕೂತು ಎಲೆಅಡಿಕೆ ಹಾಕ್ಕೊಳ್ತಿದ್ದರು. ಊರಲ್ಲಿ ಯಾರು ಬೋರ್ ಕೊರೆಸಿದರೂ ಪಾಯಿಂಟ್ ನೋಡೋ ದಿನದಿಂದ ಇವರು ಹಾಜರು.

"ದೊಡ್ಡಪ್ಪ, ನಮ್ಮೂರಲ್ಲಿ ಮೊದಲ್ನೇ ಬೋರ್ ಯಾವಾಗ ಹಾಕ್ಸಿದ್ದು?"

"ಗೌರ್ಮೆಂಟ್ ಬೋರಿಂಗಾ, ಸ್ವಂತದ್ದಾ?" ಅಂದರು. ಅಲ್ಲಿಂದ ಶುರುವಾಯ್ತು ನೋಡಿ. ಎಂಬತ್ತೇಳರ ಬರದಲ್ಲಿ ಶಾಲೆ ಮುಂದೆ ಕೈಪಂಪು, ನೂರೈವತ್ತು ಅಡಿ. ಅದಕ್ಕೂ ಮುಂಚೆ ಎಲ್ಲಾ ಸೇದೋ ಬಾವಿ, ನಲವತ್ತು ಅಡಿಗೆ ನೀರು. ತೊಂಬತ್ತೆಂಟರಲ್ಲಿ ನಮ್ಮ ತೋಟದ ಮೊದಲ ಬೋರು, ಮುನ್ನೂರೈವತ್ತು ಅಡಿ. ಅದು ಒಣಗಿ ಆರುನೂರು. ಅದೂ ನಿಂತು, ಈಗ ಮನೆಗೆ ಬರ್ತಿರೋದು ಒಂಬೈನೂರ ಇಪ್ಪತ್ತು ಅಡಿಯದ್ದು. "ಅದು ನೀನು ಕೆಲಸಕ್ಕೆ ಸೇರ್ಕಂಡ್ಯಲ್ಲ, ಅದರ ಮುಂದಿನ ಬ್ಯಾಸ್ಗೇಲಿ ಕಣ್ಲಾ. ಎರಡು ಫೇಲಾಗಿ ಮೂರನೇದು ಬಿತ್ತು."

ನಾನು ಕೂತಲ್ಲೇ ಲೆಕ್ಕ ಹಾಕಿದೆ. ಅಜ್ಜಿ ತನ್ನ ಆಯುಸ್ಸಿನ ಮುಕ್ಕಾಲು ಪಾಲು ಕುಡಿದದ್ದು ಸೇದೋ ಬಾವಿಯ ನೀರು, ಮಳೆ ಇಳಿದು ಬಂದ ನೀರು. ಒಂಬೈನೂರು ಅಡಿ ಕೆಳಗಿನ ಕಲ್ಲಿನ ನೀರನ್ನು ನಮ್ಮ ಮನೆ ಕುಡೀತಾ ಇರೋದು ಹತ್ತು ಹನ್ನೆರಡು ವರ್ಷದಿಂದ ಅಷ್ಟೇ. ಅದನ್ನು ಹುಟ್ಟಿದಾಗಿನಿಂದ ಕುಡಿದವರು ಅಂದರೆ ನನ್ನ ತಮ್ಮನ ಮಕ್ಕಳು. ಒಬ್ಬಳಿಗೆ ಒಂಬತ್ತು, ಇನ್ನೊಬ್ಬನಿಗೆ ಐದು.

ಒಳಗೆ ಹೋಗಿ ಅಮ್ಮನಿಗೆ ಹೇಳಿದೆ. "ಇಷ್ಟು ವರ್ಷ ಕುಡ್ದಿಲ್ಲ ಕಣಮ್ಮ. ಈ ನೀರನ್ನ ಕುಡ್ದಿಲ್ಲ." ಕಾಯಿಸಿದರೆ ಹೋಗಲ್ವಾ ಅಂದಳು. ಹೋಗಲ್ಲ, ಕಾಯಿಸಿದರೆ ನೀರು ಆವಿಯಾಗಿ ಅದು ಅಲ್ಲೇ ಉಳಿಯತ್ತೆ ಅಂದೆ. ಆರ್‌ಓದಲ್ಲಿ ಹೋಗತ್ತೆ. ಬಸ್‌ಸ್ಟ್ಯಾಂಡ್ ಹತ್ತಿರ ಐದು ರೂಪಾಯಿ ಕಾಯಿನ್ ಹಾಕೋ ಫಿಲ್ಟರ್ ಘಟಕ ಇದೆಯಲ್ಲ, ಕುಡಿಯೋಕೆ, ಅಡುಗೆಗೆ ಅಲ್ಲಿಂದ ತರೋದು, ಪಾತ್ರೆ ಬಟ್ಟೆ ದನಕ್ಕೆ ಬೋರಿಂದು ಅಂತ ತೀರ್ಮಾನ ಆಯ್ತು. ಆ ಘಟಕ ತಿಂಗಳಿಗೆ ಒಂದು ವಾರ ಕೆಟ್ಟಿರತ್ತೆ, ಅದರ ಕೊಳೆ ನೀರು ಚರಂಡಿಗೇ ಹರಿಯತ್ತೆ. ಅದು ಮುಂದಿನ ಜಗಳ. ಈ ಸಲ ಮನೆಯ ಚಾವಣಿಯ ಮಳೆ ನೀರು ಹಿಡಿಯೋಕೆ ಒಂದು ತೊಟ್ಟಿ ಕಟ್ಟಿಸ್ತಾ ಇದ್ದೀವಿ. ಆಕಾಶದಲ್ಲಿ ಗ್ರಾನೈಟ್ ಇಲ್ಲವಲ್ಲ.

ಸಂಜೆ ಒಂದು ಹಳೇ ಲೆಕ್ಕದ ಪುಸ್ತಕದಲ್ಲಿ ಗೆರೆ ಹಾಕಿಕೊಂಡು ದೊಡ್ಡಪ್ಪನ ಮುಂದೆ ಕೂತೆ. ಬೋರು ಯಾರದ್ದು, ಯಾವ ವರ್ಷ, ಎಷ್ಟು ಅಡಿ, ಯಾವ ಮನೆಯವರು ಕುಡೀತಾರೆ, ಯಾವಾಗಿನಿಂದ. ಅವರು ಹೇಳ್ತಾ ಹೋದರು, ನಾನು ಬರೀತಾ ಹೋದೆ. ಊಟಕ್ಕೆ ಕರೆಯೋ ಹೊತ್ತಿಗೆ ಅರವತ್ತೊಂದು ಆಗಿತ್ತು. ನಾನು ಡಾಕ್ಟರಲ್ಲ, ಭೂವಿಜ್ಞಾನಿಯೂ ಅಲ್ಲ. ಇದರಿಂದ ನಾಳೆ ಏನೂ ಸಾಬೀತಾಗಲ್ಲ. ಆದರೆ ಇನ್ನು ಇಪ್ಪತ್ತು ವರ್ಷಕ್ಕೆ ಯಾರಾದರೂ ನಿಜವಾಗಿ ಲೆಕ್ಕ ಹಾಕೋಕೆ ಬಂದರೆ, ಅವರು ಕೇಳೋ ಮೊದಲ ಪ್ರಶ್ನೆಗೆ ಉತ್ತರ ಹೇಳೋಕೆ ದೊಡ್ಡಪ್ಪ ಇರಲ್ಲ. ಪುಸ್ತಕ ಇರಲಿ.

ಮಲಗೋ ಮುಂಚೆ ದೊಡ್ಡಪ್ಪ ಕೂಗಿ ಹೇಳಿದರು. "ಲೋ, ಕೆಳಗ್ಲ ತೋಟದವ್ರ ಬೋರ್ ಬಿಟ್ಟಿದ್ದೀವಿ. ಏಳ್ನೂರ ನಲ್ವತ್ತಡಿ. ಬರ್ಕೋ."